ಒಂದೇ ಹೆಸರು, ಎರಡು ಬಗೆಯ ಕಾರ್ಡು: ರಿಕ್ ಆಂಕೀಲ್ ಪೆಟ್ಟಿಗೆಯನ್ನು ಹೇಗೆ ಜೋಡಿಸಬೇಕು?

ಪ್ರಶ್ನೆ: ನಾವು ಮಂಗಳೂರಿನವರು, ಕೆಲವು ವರ್ಷಗಳಿಂದ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದೇವೆ. ಹನ್ನೆರಡು ವರ್ಷದ ಮಗಳಿಗೆ ಬೇಸ್‌ಬಾಲ್ ಕಾರ್ಡು ಕೂಡಿಡುವ ಹುಚ್ಚು. ಅಟ್ಲಾಂಟಾ ತಂಡದ ರೊನಾಲ್ಡ್ ಅಕೂನ್ಯ ಅವಳ ಅಚ್ಚುಮೆಚ್ಚಿನ ಆಟಗಾರ. ಮೊಣಕಾಲಿನ ಗಾಯದಿಂದ ಅವರು ಮರಳಿದ ಮೇಲಂತೂ ಅವರದೇ ಕಾರ್ಡು ಬೇಕು ಎನ್ನುತ್ತಾಳೆ. ಇತ್ತೀಚೆಗೆ ನೆರೆಮನೆಯ ಹಿರಿಯರೊಬ್ಬರು ರಿಕ್ ಆಂಕೀಲ್ ಎಂಬ ಹಳೆಯ ಆಟಗಾರನ ಸುಮಾರು ನೂರು ಕಾರ್ಡುಗಳ ಪೆಟ್ಟಿಗೆಯನ್ನು ಅವಳಿಗೆ ಕೊಟ್ಟರು. ಕೆಲವದರಲ್ಲಿ ಆಂಕೀಲ್ ಚೆಂಡು ಎಸೆಯುತ್ತಿದ್ದಾರೆ, ಕೆಲವದರಲ್ಲಿ ಬ್ಯಾಟು ಹಿಡಿದಿದ್ದಾರೆ. ಒಂದೇ ಹೆಸರಿನ ಇಬ್ಬರು ಆಟಗಾರರೇ? ಇವುಗಳಿಗೆ ಬೆಲೆ ಇದೆಯೇ? ಹೇಗೆ ಜೋಡಿಸಬೇಕು? ಅಕೂನ್ಯ ಕಾರ್ಡುಗಳನ್ನು ಈಗ ಕೊಳ್ಳಬಹುದೇ? ಮುಂದೆ ಊರಿಗೆ ಮರಳುವವರಿದ್ದೇವೆ; ಕರಾವಳಿಯ ಮಳೆಗಾಲದಲ್ಲಿ ಇವು ಉಳಿಯುತ್ತವೆಯೇ?

ಉತ್ತರ: ಇಬ್ಬರಲ್ಲ, ಒಬ್ಬರೇ. ಕೆಲವು ಕಾರ್ಡುಗಳಲ್ಲಿ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವರು) ಎಂದೂ ಉಳಿದವುಗಳಲ್ಲಿ ಔಟ್‌ಫೀಲ್ಡರ್ (ಮೈದಾನದ ಹೊರಭಾಗ ಕಾಯುವವರು) ಎಂದೂ ಅಚ್ಚಾಗಿರುವುದು ಮುದ್ರಣದ ತಪ್ಪಲ್ಲ. ನಿಮ್ಮ ನೆರೆಯವರು ಬಹಳ ಯೋಚಿಸಿ ಈ ಉಡುಗೊರೆ ಕೊಟ್ಟಿದ್ದಾರೆ ಎಂದೇ ನನ್ನ ಭಾವನೆ. ಗಾಯಗೊಂಡ ಆಟಗಾರ ಮರಳಿ ಬರುವುದನ್ನು ಎದೆ ಬಡಿತದಿಂದ ಕಾಯುವ ಹುಡುಗಿಗೆ ಆಂಕೀಲ್ ಅವರ ಕಾರ್ಡುಗಳಿಗಿಂತ ಒಳ್ಳೆಯದನ್ನು ಯಾರೂ ಕೊಡಲಾರರು. ಅದೂ ಅವರು ಆಡಿದ ಊರಿನಲ್ಲೇ.

ಬೆಲೆಯ ಮಾತಿಗೆ ಆಮೇಲೆ ಬರುತ್ತೇನೆ. ಆಟಗಾರನ ವೃತ್ತಿಜೀವನ ತಿಳಿಯದೆ ಈ ಕಾರ್ಡುಗಳನ್ನು ಜೋಡಿಸಲು ಆಗುವುದೇ ಇಲ್ಲ.

ಆಂಕೀಲ್ 1979ರಲ್ಲಿ ಫ್ಲೋರಿಡಾದ ಫೋರ್ಟ್ ಪಿಯರ್ಸ್‌ನಲ್ಲಿ ಹುಟ್ಟಿದವರು, ಎಡಗೈ ಪಿಚರ್. 1997ರಲ್ಲಿ ಹೈಸ್ಕೂಲು ಮುಗಿಸುತ್ತಿದ್ದಂತೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ 25 ಲಕ್ಷ ಡಾಲರ್ ಬೋನಸ್ ಕೊಟ್ಟು ಅವರನ್ನು ಸೇರಿಸಿಕೊಂಡಿತು. 1999ರ ಆಗಸ್ಟ್‌ನಲ್ಲಿ, ಇಪ್ಪತ್ತು ತುಂಬಿದ ಮರುತಿಂಗಳೇ, ಬೇಸ್‌ಬಾಲ್‌ನ ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನಲ್ಲಿ ಆಡಿದರು. 2000ದ ಋತುವಿನಲ್ಲಿ ಅವರು ಎಸೆದದ್ದು 175 ಇನ್ನಿಂಗ್ಸ್, ಪಡೆದದ್ದು 194 ಸ್ಟ್ರೈಕ್‌ಔಟ್, ಎಂದರೆ ಎಸೆತದ ಬಲದಿಂದಲೇ ಬ್ಯಾಟರನ್ನು ಔಟ್ ಮಾಡಿದ್ದು. ಬೇಸ್‌ಬಾಲ್‌ನಲ್ಲಿ ಒಂದು ಇನ್ನಿಂಗ್ಸ್‌ಗೆ ಮೂರು ಔಟ್. ಅಂದರೆ ಅವರು ಪಡೆದ 525 ಔಟ್‌ಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು, ಫೀಲ್ಡರುಗಳ ನೆರವಿಲ್ಲದೆ ಬಂದವು. ವರ್ಷದ ಹೊಸ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ಅಟ್ಲಾಂಟಾದ ರಾಫೆಲ್ ಫರ್ಕಾಲ್ ನಂತರ ಎರಡನೇ ಸ್ಥಾನ ಅವರದು. ಆ ಕಾಲದ ಸಂಗ್ರಾಹಕರು ಅವರ ಕಾರ್ಡಿಗಾಗಿ ಮುಗಿಬಿದ್ದದ್ದು ಸುಮ್ಮನೆ ಅಲ್ಲ.

2000ದ ಅಕ್ಟೋಬರ್ 3. ಋತುವಿನ ಕೊನೆಗೆ ಅಗ್ರ ತಂಡಗಳು ಆಡುವ ಪ್ಲೇಆಫ್‌ನ ಮೊದಲ ಪಂದ್ಯ, ಎದುರಾಳಿ ಅಟ್ಲಾಂಟಾ ಬ್ರೇವ್ಸ್, ಆ ಕಡೆಯ ಪಿಚರ್ ಗ್ರೆಗ್ ಮ್ಯಾಡಕ್ಸ್. ಮೂರನೇ ಇನ್ನಿಂಗ್ಸ್‌ನಲ್ಲಿ ಆಂಕೀಲ್ ಅವರ ಕೈ ಇದ್ದಕ್ಕಿದ್ದಂತೆ ಮಾತು ಕೇಳುವುದನ್ನು ಬಿಟ್ಟಿತು. ಆ ಒಂದೇ ಇನ್ನಿಂಗ್ಸ್‌ನಲ್ಲಿ ಐದು ವೈಲ್ಡ್ ಪಿಚ್. ಬ್ಯಾಟರ್ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್ ಕೂಡ ತಡೆಯಲಾಗದಷ್ಟು ದಾರಿ ತಪ್ಪಿ, ಬೇಸ್ ಮೇಲಿದ್ದ ಓಟಗಾರರು ಮುಂದೆ ಸಾಗಲು ಬಿಟ್ಟ ಎಸೆತವನ್ನು ಹಾಗೆ ಕರೆಯುತ್ತಾರೆ. ಒಂದೇ ಇನ್ನಿಂಗ್ಸ್‌ನಲ್ಲಿ ಐದು ಎಂಬುದು 1890ರ ನಂತರ ಯಾರೂ ಕಂಡಿರಲಿಲ್ಲ. ತಂಡ ಆ ಪಂದ್ಯವನ್ನು 7-5ರಿಂದ ಗೆದ್ದಿತು. ಮುಂದಿನ ಸುತ್ತಿನಲ್ಲಿ ನ್ಯೂಯಾರ್ಕ್ ಮೆಟ್ಸ್ ವಿರುದ್ಧ ಆಂಕೀಲ್ ಮೊದಲ ಇನ್ನಿಂಗ್ಸನ್ನೂ ಮುಗಿಸದೆ ಮೈದಾನ ಬಿಡಬೇಕಾಯಿತು.

ಆಗ ಭುಜ, ಮೊಣಕೈ ಎರಡಕ್ಕೂ ಏನೂ ಆಗಿರಲಿಲ್ಲ. ಈ ಬಾಧೆಯನ್ನು ಕ್ರೀಡಾಲೋಕ ‘ಯಿಪ್ಸ್’ ಎನ್ನುತ್ತದೆ. ಸಾವಿರಾರು ಸಲ ಯೋಚಿಸದೆ ಮಾಡಿದ ಕ್ರಿಯೆಯನ್ನು ದೇಹ ಒಂದು ದಿನ ಮಾಡಲೊಲ್ಲದು. 1973ರಲ್ಲಿ ಪಿಟ್ಸ್‌ಬರ್ಗ್‌ನ ಪಿಚರ್ ಸ್ಟೀವ್ ಬ್ಲಾಸ್ ಅವರಿಗೆ ಹೀಗೇ ಆಗಿತ್ತು. ಅವರ ವೃತ್ತಿಜೀವನ ಅಲ್ಲಿಗೇ ನಿಂತಿತು. ಕ್ರಿಕೆಟ್ ನೋಡುವ ನಿಮಗೆ ಸ್ಕಾಟ್ ಬಾಸ್ವೆಲ್ ನೆನಪಿರಬಹುದು. 2001ರಲ್ಲಿ ಲಾರ್ಡ್ಸ್‌ನಲ್ಲಿ ನಡೆದ ಇಂಗ್ಲಿಷ್ ಕೌಂಟಿ ಫೈನಲ್‌ನಲ್ಲಿ ಲೆಸ್ಟರ್‌ಶೈರ್‌ನ ಆ ವೇಗಿ ಒಂದು ಓವರ್ ಮುಗಿಸಲು 14 ಎಸೆತ ಹಾಕಿದರು. ಇದನ್ನು ಮನೋಬಲದ ಕೊರತೆ ಎಂದು ಷರಾ ಬರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಮುಂದೆ ನಡೆದದ್ದನ್ನು ನೋಡಿದರೆ ಆಂಕೀಲ್ ಅವರಲ್ಲಿ ಇಲ್ಲದಿದ್ದ ಏಕೈಕ ಸಂಗತಿ ಮನೋಬಲ ಎಂದು ಯಾರೂ ಹೇಳಲಾರರು.

ಇನ್ನು ಪೆಟ್ಟಿಗೆಯಿಂದ 2001 ಎಂದು ಮುದ್ರಿತವಾದ ಕಾರ್ಡೊಂದನ್ನು ತೆಗೆದು ಹಿಂಬದಿ ನೋಡಲು ಮಗಳಿಗೆ ಹೇಳಿ. ಅಂಕಿಪಟ್ಟಿಯ ಕೊನೆಯ ಸಾಲು 2000ದ್ದು, ಆ 194 ಸ್ಟ್ರೈಕ್‌ಔಟ್‌ಗಳ ವೈಭವದ್ದು. ಬೇಸ್‌ಬಾಲ್ ಕಾರ್ಡಿನ ಸ್ವಭಾವವೇ ಇದು: ಮುಂಬದಿಯಲ್ಲಿ ಈ ವರ್ಷ, ಹಿಂಬದಿಯಲ್ಲಿ ಕಳೆದ ವರ್ಷ. ಆ ಕಾರ್ಡುಗಳು ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಬೇಸಿಗೆಯಲ್ಲಿ ಆಂಕೀಲ್ ಎಲ್ಲಿದ್ದರು? ಮೇಜರ್ ಲೀಗ್‌ನಲ್ಲಿ ಆರೇ ಪಂದ್ಯ ಆಡಿ, ಕೆಳಹಂತದ ಮೈನರ್ ಲೀಗ್‌ನ ಮೆಂಫಿಸ್ ತಂಡಕ್ಕೆ ಇಳಿದಿದ್ದರು. ಅಲ್ಲಿ ನಾಲ್ಕು ಇನ್ನಿಂಗ್ಸ್ ಚಿಲ್ಲರೆಯಲ್ಲಿ 17 ವಾಕ್ (ನಾಲ್ಕು ತಪ್ಪು ಎಸೆತ ಹಾಕಿ ಬ್ಯಾಟರ್‌ಗೆ ಮೊದಲ ಬೇಸ್ ಬಿಟ್ಟುಕೊಡುವುದು), 12 ವೈಲ್ಡ್ ಪಿಚ್. ಅಲ್ಲಿಂದಲೂ ಇಳಿಸಿ, ಹೊಸದಾಗಿ ಸಹಿ ಹಾಕಿದ ಹುಡುಗರು ಆಡುವ ಟೆನೆಸಿಯ ಜಾನ್ಸನ್ ಸಿಟಿಗೆ ಕಳಿಸಲಾಗಿತ್ತು. ಆ ಕೆಳಗಿನ ಹಂತದಲ್ಲಿ 87 ಇನ್ನಿಂಗ್ಸ್ ದಾಟಿ ಎಸೆದು 158 ಸ್ಟ್ರೈಕ್‌ಔಟ್ ಪಡೆದರು. ಪಿಚ್ ಮಾಡದ ದಿನಗಳಲ್ಲಿ ಬ್ಯಾಟು ಹಿಡಿದು 10 ಹೋಂ ರನ್ (ಕ್ರಿಕೆಟ್‌ನ ಸಿಕ್ಸರ್‌ನಂತೆ ಚೆಂಡನ್ನು ಬೇಲಿಯಾಚೆ ಕಳಿಸುವ ಹೊಡೆತ) ಹೊಡೆದರು. ಆ ಹತ್ತನ್ನು ಅಂದು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

2002 ಮೊಣಕೈ ನೋವಿನಲ್ಲಿ ಪೂರ್ತಿ ಕಳೆದುಹೋಯಿತು. 2003ರಲ್ಲಿ ಮೊಣಕೈ ಅಸ್ಥಿರಜ್ಜುವಿನ ಶಸ್ತ್ರಚಿಕಿತ್ಸೆ ಆಯಿತು. 2004ರ ಸೆಪ್ಟೆಂಬರ್‌ನಲ್ಲಿ ಕಾರ್ಡಿನಲ್ಸ್ ಪರ ಮತ್ತೆ ಎಸೆದರು: 10 ಇನ್ನಿಂಗ್ಸ್, ಒಂದೇ ವಾಕ್. ಇದೇ ಮರಳಿ ಬಂದದ್ದು ಎಂದು ನೋಡಿದವರೆಲ್ಲ ಸಂಭ್ರಮಿಸಿದರು. ಆರು ತಿಂಗಳು ಕಳೆಯುವಷ್ಟರಲ್ಲಿ, 2005ರ ಮಾರ್ಚ್‌ನಲ್ಲಿ, ಇನ್ನು ಮುಂದೆ ಪಿಚ್ ಮಾಡುವುದಿಲ್ಲ, ಔಟ್‌ಫೀಲ್ಡರ್ ಆಗಿ ಮೊದಲಿನಿಂದ ಆರಂಭಿಸುತ್ತೇನೆ ಎಂದು ಆಂಕೀಲ್ ಘೋಷಿಸಿದರು.

ಈ ವೃತ್ತಿಜೀವನದಲ್ಲಿ ನಾನು ಅತ್ಯಂತ ಹೆಚ್ಚು ಗೌರವಿಸುವ ಘಳಿಗೆ ಅದು. ಚೆಂಡು ಕೈ ತಪ್ಪುತ್ತಿದ್ದಾಗ ಅವರು ಬಿಡಲಿಲ್ಲ. ನಾಲ್ಕು ವರ್ಷ ಗುದ್ದಾಡಿದರು. ನಿಯಂತ್ರಣ ಕೈಗೆ ಬಂದಂತೆ ಕಂಡಾಗ ಬಿಟ್ಟರು. ಪ್ರತಿ ಎಸೆತಕ್ಕೂ ಮನಸ್ಸು ತೆರಬೇಕಾದ ಸುಂಕ ಎಷ್ಟೆಂದು ಅವರೊಬ್ಬರಿಗೇ ಗೊತ್ತಿತ್ತು. ನಾವು ಅಭಿಮಾನಿಗಳು ಮರಳಿ ಬರುವುದೆಂದರೆ ಬಿಟ್ಟುಹೋದ ಜಾಗಕ್ಕೇ ಬರುವುದು ಎಂದುಕೊಳ್ಳುತ್ತೇವೆ. ಆಂಕೀಲ್ ಬಂದದ್ದು ಬೇರೆ ಬಾಗಿಲಿನಿಂದ. ಕ್ರಿಕೆಟ್‌ನಲ್ಲಿ ಇದು ಅಷ್ಟು ವಿಚಿತ್ರವಲ್ಲ: ರವಿ ಶಾಸ್ತ್ರಿ ಹತ್ತನೇ ಕ್ರಮಾಂಕದಲ್ಲಿ ಆಡುವ ಸ್ಪಿನ್ನರ್ ಆಗಿ ತಂಡಕ್ಕೆ ಬಂದು ಆರಂಭಿಕ ಬ್ಯಾಟರ್ ಆದವರು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಪಿಚರ್‌ಗೂ ಬ್ಯಾಟರ್‌ಗೂ ನಡುವೆ ಗೋಡೆಯೇ ಇದೆ. ಇಪ್ಪತ್ತೈದು ದಾಟಿದ ಮೇಲೆ ಆ ಗೋಡೆ ಹತ್ತಿದವರನ್ನು ಬೆರಳಲ್ಲಿ ಎಣಿಸಬಹುದು.

ಮತ್ತೆ ಸಣ್ಣ ಊರುಗಳು, ಬಸ್ ಪ್ರಯಾಣ. 2006ರಲ್ಲಿ ಮೊಣಕಾಲಿನ ಗಾಯದಿಂದ ಇನ್ನೊಂದು ಋತು ಪೂರ್ತಿ ಹೋಯಿತು. 2007ರಲ್ಲಿ ಮೆಂಫಿಸ್ ಪರ 32 ಹೋಂ ರನ್. ಆ ವರ್ಷದ ಆಗಸ್ಟ್ 9ರಂದು ನಿಮ್ಮೂರಿನ ಬುಷ್ ಸ್ಟೇಡಿಯಂನಲ್ಲಿ ಸ್ಯಾನ್ ಡಿಯಾಗೊ ವಿರುದ್ಧ ಔಟ್‌ಫೀಲ್ಡರ್ ಆಗಿ ಕಣಕ್ಕಿಳಿದು, ಏಳನೇ ಇನ್ನಿಂಗ್ಸ್‌ನಲ್ಲಿ ಮೂರು ರನ್ ತಂದ ಹೋಂ ರನ್ ಹೊಡೆದರು. ಸಾಮಾನ್ಯವಾಗಿ ಮುಖ ಗಂಟಿಕ್ಕಿಕೊಂಡೇ ಇರುತ್ತಿದ್ದ ಮ್ಯಾನೇಜರ್ ಟೋನಿ ಲರೂಸಾ ಅಂದು ನಕ್ಕು ಚಪ್ಪಾಳೆ ತಟ್ಟಿದ ದೃಶ್ಯ ಈಗಲೂ ನೋಡಸಿಗುತ್ತದೆ; ಮಗಳಿಗೆ ತೋರಿಸಿ. ಎರಡು ದಿನ ಕಳೆದು ಡಾಡ್ಜರ್ಸ್ ವಿರುದ್ಧ ಮತ್ತೆರಡು ಹೋಂ ರನ್. 2008ರಲ್ಲಿ 25. ಅದೇ ವರ್ಷದ ಮೇ ತಿಂಗಳಲ್ಲಿ ಡೆನ್ವರ್‌ನಲ್ಲಿ ಸೆಂಟರ್ ಫೀಲ್ಡ್‌ನ ಆಳದಿಂದ ಮೂರನೇ ಬೇಸ್‌ಗೆ ನೇರ ಎಸೆದು ಒಂದೇ ಪಂದ್ಯದಲ್ಲಿ ಇಬ್ಬರನ್ನು ಔಟ್ ಮಾಡಿದರು. 18 ಮೀಟರ್ ದೂರದ ಕ್ಯಾಚರ್‌ನನ್ನು ಕಾಣಲಾಗದೆ ಹೋಗಿದ್ದ ಎಡಗೈ ಅದೇ.

ಒಂದು ಕಹಿ ಸಂಗತಿಯನ್ನೂ ಬಿಡುವಂತಿಲ್ಲ. 2007ರ ಸೆಪ್ಟೆಂಬರ್ 6ರಂದು ಆಂಕೀಲ್ ಎರಡು ಹೋಂ ರನ್ ಹೊಡೆದು ಏಳು ರನ್ ತಂದರು. ಮರುದಿನವೇ, 2004ರಲ್ಲಿ ಅವರಿಗೆ ಬೆಳವಣಿಗೆಯ ಹಾರ್ಮೋನ್ ಪೂರೈಕೆಯಾಗಿತ್ತು ಎಂದು ಪತ್ರಿಕೆಯೊಂದು ವರದಿ ಮಾಡಿತು. ವೈದ್ಯರ ಸಲಹೆಯಂತೆ ಪಡೆದದ್ದು ಎಂದು ಅವರು ಹೇಳಿದರು. ಮೇಜರ್ ಲೀಗ್ ಆ ಹಾರ್ಮೋನನ್ನು ನಿಷೇಧಿಸಿದ್ದು 2005ರಲ್ಲಿ. ಅವರಿಗೆ ಶಿಕ್ಷೆ ಆಗಲಿಲ್ಲ. ಹನ್ನೆರಡು ವರ್ಷದವಳಿಗೆ ಇದನ್ನು ಮುಚ್ಚಿಡಬೇಕಿಲ್ಲ. ಮೆಚ್ಚಿನ ಆಟಗಾರನ ಬಗ್ಗೆ ಎಲ್ಲವನ್ನೂ ತಿಳಿದು ಮೆಚ್ಚುವುದನ್ನು ಅವಳು ಈಗಲೇ ಕಲಿಯಲಿ.

ಮುಂದೆ ಕ್ಯಾನ್ಸಸ್ ಸಿಟಿ, ಅಟ್ಲಾಂಟಾ, ವಾಷಿಂಗ್ಟನ್, ಹ್ಯೂಸ್ಟನ್, ಮೆಟ್ಸ್. ಹತ್ತು ವರ್ಷ ಹಿಂದೆ ಅವರ ಕುಸಿತಕ್ಕೆ ಎದುರಾಳಿಯಾಗಿದ್ದ ಅಟ್ಲಾಂಟಾದ ಅಂಗಿ ತೊಟ್ಟು 2010ರ ಪ್ಲೇಆಫ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, 11ನೇ ಇನ್ನಿಂಗ್ಸ್‌ನಲ್ಲಿ ಮೈದಾನದ ಪಕ್ಕದ ಕೊಲ್ಲಿಯ ನೀರಿಗೆ ಹೋಂ ರನ್ ಹೊಡೆದು ಪಂದ್ಯ ಗೆಲ್ಲಿಸಿದರು. 2014ರಲ್ಲಿ ನಿವೃತ್ತರಾದಾಗ ಲೆಕ್ಕ: ಪಿಚರ್ ಆಗಿ 13 ಗೆಲುವು, ಬ್ಯಾಟರ್ ಆಗಿ 76 ಹೋಂ ರನ್. ಹತ್ತು ಗೆಲುವು ಮತ್ತು ಐವತ್ತು ಹೋಂ ರನ್ ಎರಡನ್ನೂ ಹಳೆಯ ದಂತಕಥೆ ಬೇಬ್ ರೂತ್ ನಂತರ ಮೊದಲು ದಾಟಿದವರು ಆಂಕೀಲ್. ಎಸೆತ, ಬ್ಯಾಟಿಂಗ್ ಎರಡನ್ನೂ ಮಾಡುವ ಜಪಾನಿನ ಶೋಹೆ ಒಹ್ತಾನಿ ಬಂದದ್ದು ಆಮೇಲೆ.

ಈಗ ಜೋಡಣೆ. ಬಹುತೇಕ ಸಂಗ್ರಾಹಕರು ಕಂಪನಿವಾರು, ಇಲ್ಲವೇ ಬೆಲೆವಾರು ಜೋಡಿಸುತ್ತಾರೆ. ಇವರ ವಿಷಯದಲ್ಲಿ ಎರಡೂ ಬೇಡ. ಒಂಬತ್ತು ಕಿಸೆಯ ಪುಟಗಳ ಆಲ್ಬಮ್ ತಂದು ವರ್ಷದ ಕ್ರಮದಲ್ಲಿ ಹಾಕಿಸಿ. ಆಡದೆ ಹೋದ 2002 ಮತ್ತು 2006ಕ್ಕೆ ಖಾಲಿ ಕಿಸೆ ಬಿಟ್ಟು, ಆ ವರ್ಷ ಏನಾಯಿತೆಂದು ಮಗಳ ಕೈಯಲ್ಲೇ ಪುಟ್ಟ ಚೀಟಿ ಬರೆಸಿ ಸೇರಿಸಿ. 2001ರ ಕಾರ್ಡುಗಳ ಜೊತೆಗೂ ಒಂದು ಚೀಟಿ ಇರಲಿ, ಏಕೆಂದರೆ ಅವು ಮುಗಿದುಹೋದ ವರ್ಷವನ್ನು ಹೊಗಳುತ್ತಿವೆ.

ಆರಂಭಕ್ಕೆ 1998ರ ಬೌಮನ್, ಮತ್ತು ಅದರ ಹೊಳಪಿನ ಬಗೆಯಾದ ಬೌಮನ್ ಕ್ರೋಮ್ ಕಾರ್ಡುಗಳು ಇವೆಯೇ ನೋಡಿ. ಅವರ ರೂಕಿ ಕಾರ್ಡುಗಳು, ಎಂದರೆ ಹೊಸ ಆಟಗಾರನಾಗಿ ಅಚ್ಚಾದ ಮೊದಲ ಕಾರ್ಡುಗಳು, ಅವು. ಕ್ರೋಮ್ ಕಾರ್ಡನ್ನು ದೀಪದ ಕೆಳಗೆ ಓರೆ ಹಿಡಿದಾಗ ಕಾಮನಬಿಲ್ಲಿನ ಬಣ್ಣ ಓಡಿದರೆ ಅದು ರಿಫ್ರ್ಯಾಕ್ಟರ್, ಸಂಖ್ಯೆಯಲ್ಲಿ ಕಡಿಮೆ. ಪೆಟ್ಟಿಗೆಯಲ್ಲಿ ಕೊರತೆ ಕಾಣುವುದು ನಡುವಿನ ವರ್ಷಗಳಲ್ಲಿ. 2002ರಿಂದ 2006ರವರೆಗೆ ದೊಡ್ಡ ಕಂಪನಿಗಳಿಗೆ ಅವರ ಮೇಲೆ ಆಸಕ್ತಿ ಇಳಿದಿತ್ತು. ಆದರೆ ಮೈನರ್ ಲೀಗ್ ತಂಡಗಳು ತಮ್ಮದೇ ಕಾರ್ಡು ಸೆಟ್ ಅಚ್ಚು ಹಾಕಿಸಿ ಕ್ರೀಡಾಂಗಣದಲ್ಲಿ ಮಾರುವ ಪದ್ಧತಿ ಇದೆ. ಜಾನ್ಸನ್ ಸಿಟಿ, ಸ್ಪ್ರಿಂಗ್‌ಫೀಲ್ಡ್, ಮೆಂಫಿಸ್ ತಂಡಗಳ ಆ ಸೆಟ್‌ಗಳನ್ನು ಸೇಂಟ್ ಲೂಯಿಸ್ ಸುತ್ತಮುತ್ತಲಿನ ಕಾರ್ಡು ಮೇಳಗಳಲ್ಲಿ ತಡಕಾಡಿ. ಸ್ಪ್ರಿಂಗ್‌ಫೀಲ್ಡ್ ನಿಮ್ಮದೇ ಮಿಸೌರಿ ರಾಜ್ಯದಲ್ಲಿದೆ. ಅಗ್ಗದ ಡಬ್ಬಿಗಳಲ್ಲಿ ಬಿದ್ದಿರುವ ಅಂಥ ಒಂದು ಕಾರ್ಡಿಗೆ ನಾನು ಹತ್ತು ಹೊಳೆಯುವ ರೂಕಿ ಕಾರ್ಡುಗಳನ್ನು ಬಿಟ್ಟುಕೊಟ್ಟೇನು. ಫಲ ಸಿಗುತ್ತದೆಂಬ ಭರವಸೆ ಯಾರಿಗೂ ಇಲ್ಲದಿದ್ದಾಗ ನಡೆದ ಕೆಲಸಕ್ಕೆ ಉಳಿದಿರುವ ಸಾಕ್ಷಿ ಅವು.

ಬೆಲೆ: ಹೆಚ್ಚಿಲ್ಲ. ತೊಂಬತ್ತರ ದಶಕದ ಕೊನೆಯ ಸಾಮಾನ್ಯ ಕಾರ್ಡುಗಳು ಅಪಾರ ಸಂಖ್ಯೆಯಲ್ಲಿ ಅಚ್ಚಾದವು, ಆಂಕೀಲ್ ಶ್ರೇಷ್ಠ ಆಟಗಾರರಿಗೆ ಮೀಸಲಾದ ಹಾಲ್ ಆಫ್ ಫೇಮ್ ಸೇರಿದವರಲ್ಲ. ಸಹಿ ಇರುವವು, ಕ್ರಮಸಂಖ್ಯೆ ಮುದ್ರಿಸಿದ ಸೀಮಿತ ಕಾರ್ಡುಗಳು, ರಿಫ್ರ್ಯಾಕ್ಟರ್‌ಗಳು ಮಾತ್ರ ಪ್ರತ್ಯೇಕವಾಗಿ ನೋಡಬೇಕಾದವು. ಇ-ಬೇಯಲ್ಲಿ ಮಾರುವವರು ಕೇಳುವ ಬೆಲೆಯನ್ನು ನಂಬಬೇಡಿ. ನಿಜವಾಗಿ ಮಾರಾಟವಾದವುಗಳ ಪಟ್ಟಿಯನ್ನೇ ನೋಡಿ. ಪಿಎಸ್‌ಎ ಮುಂತಾದ ಸಂಸ್ಥೆಗಳಿಗೆ ಕಳಿಸಿ ಹತ್ತರಲ್ಲಿ ಇಷ್ಟು ಎಂದು ಗ್ರೇಡ್ ಮಾಡಿಸುವ ಆಸೆ ಮಗಳಿಗೆ ಬರಬಹುದು. ಈ ಪೆಟ್ಟಿಗೆಯ ಬಹುಪಾಲು ಕಾರ್ಡುಗಳಿಗೆ ಗ್ರೇಡಿಂಗ್ ಶುಲ್ಕವೇ ಕಾರ್ಡಿನ ಬೆಲೆಯನ್ನು ಮೀರುತ್ತದೆ. ಸಹಿಯ ಸಾಚಾತನ ಖಚಿತಪಡಿಸಿಕೊಳ್ಳಬೇಕಿದ್ದರೆ ಮಾತ್ರ ಆ ಖರ್ಚು ಸರಿ.

ಅಕೂನ್ಯ ವಿಷಯಕ್ಕೆ ನನ್ನ ಉತ್ತರ ನೇರವಾಗಿದೆ: ಮಗಳಿಗೆ ಬೇಕಾದದ್ದನ್ನು ಕೊಳ್ಳಿ, ಆದರೆ ಪತ್ರಿಕೆಯ ಕ್ರೀಡಾಪುಟದಲ್ಲಿ ಅವರ ಚಿತ್ರ ದೊಡ್ಡದಾಗಿ ಬಂದ ವಾರ ಕೊಳ್ಳಬೇಡಿ. 2021ರ ಜುಲೈಯಲ್ಲಿ ಅವರ ಬಲ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಎರಡು ವರ್ಷದಲ್ಲಿ, 2023ರಲ್ಲಿ, 41 ಹೋಂ ರನ್ ಹೊಡೆದು 73 ಬೇಸ್ ಕದ್ದು (ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಸೇರಿ) ಲೀಗಿನ ಅತ್ಯಮೂಲ್ಯ ಆಟಗಾರರಾದರು. 2024ರ ಮೇ ತಿಂಗಳಲ್ಲಿ ಎಡ ಮೊಣಕಾಲಿಗೂ ಅದೇ ಗತಿ. 2025ರ ಮೇ 23ರಂದು ಮರಳಿದವರು ಎದುರಿಸಿದ ಮೊದಲ ಎಸೆತವನ್ನೇ ಹೋಂ ರನ್ ಮಾಡಿದರು. ಅಂಥ ರಾತ್ರಿ ಕಾರ್ಡಿನ ಬೆಲೆ ಜಿಗಿಯುತ್ತದೆ, ಕೆಲವು ವಾರಗಳಲ್ಲಿ ತಣ್ಣಗಾಗುತ್ತದೆ. ಮಾರುಕಟ್ಟೆ ಕೊಳ್ಳುವುದು ಸುದ್ದಿಯನ್ನು. ಆಟವಿಲ್ಲದ ಡಿಸೆಂಬರ್, ಜನವರಿಯಲ್ಲಿ ಅದೇ ಕಾರ್ಡು ಸಾಮಾನ್ಯವಾಗಿ ಅಗ್ಗ. 2018ರ ಸಾಮಾನ್ಯ ರೂಕಿ ಕಾರ್ಡು ಒಂದಿದ್ದರೆ ಬುನಾದಿಗೆ ಸಾಕು. ಆಮೇಲೆ 2022 ಮತ್ತು 2025ರ ಸಾಮಾನ್ಯ ಕಾರ್ಡುಗಳು. ಅವುಗಳ ಹಿಂಬದಿಯಲ್ಲಿ ಅರ್ಧಕ್ಕೇ ನಿಂತ ಋತುಗಳ ಅಂಕಿಗಳಿರುತ್ತವೆ. ಆಂಕೀಲ್ ಆಲ್ಬಮ್ ಕಟ್ಟಿದವಳಿಗೆ ಅವುಗಳ ಬೆಲೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಊರಿಗೆ ಒಯ್ಯುವ ವಿಚಾರ. ಮಂಗಳೂರಿನ ಜೂನ್‌ನಿಂದ ಸೆಪ್ಟೆಂಬರ್ ಕಾರ್ಡುಗಳಿಗೆ ಕಷ್ಟಕಾಲ. ಕ್ರೋಮ್ ಕಾರ್ಡುಗಳ ಹೊಳಪಿನ ಪದರ ತೇವ ಹೀರುವುದಿಲ್ಲ, ಅದರ ಜೊತೆಗಿರುವ ಕಾಗದ ಹೀರುತ್ತದೆ. ಹಾಗಾಗಿ ಕಾರ್ಡು ಬಿಲ್ಲಿನಂತೆ ಬಾಗುತ್ತದೆ. ಮುಖ್ಯವಾದವನ್ನು ಮೊದಲು ತೆಳು ಪ್ಲಾಸ್ಟಿಕ್ ಸ್ಲೀವ್‌ಗೆ, ಆಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚಕ್ಕೆ ಹಾಕಿ. ಆಲ್ಬಮ್ ಪುಟ ಕೊಳ್ಳುವಾಗ ಪಿವಿಸಿ ಇಲ್ಲದ ಪಾಲಿಪ್ರೊಪಿಲೀನ್ ಪುಟವನ್ನೇ ಕೇಳಿ. ಪಿವಿಸಿ ವರ್ಷಗಳಲ್ಲಿ ಅಂಟುಅಂಟಾಗಿ ಚಿತ್ರಕ್ಕೆ ಹಿಡಿದುಕೊಳ್ಳುತ್ತದೆ. ರಬ್ಬರ್ ಬ್ಯಾಂಡ್ ಎಂದೂ ಬೇಡ. ಊರಿನಲ್ಲಿ ಆಲ್ಬಮ್ ಮತ್ತು ಟಾಪ್‌ಲೋಡರ್‌ಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಒಳಗೆ ತೇವಾಂಶ ತೋರಿಸುವ ಪುಟ್ಟ ಮಾಪಕ ಇರಲಿ; 40ರಿಂದ 50 ಶೇಕಡಾ ಒಳ್ಳೆಯದು. ಜೆಲ್ ಬಣ್ಣ ಬದಲಾದರೆ ಒಣಗಿಸಿ ಮತ್ತೆ ಹಾಕಿ. ಡಬ್ಬಿ ಮಳೆ ಬಡಿಯುವ ಹೊರಗೋಡೆಗೆ ತಾಗಿರಬಾರದು, ನೆಲದ ಮೇಲೂ ಬೇಡ. ಗೆದ್ದಲಿಗೆ ಎರಡೂ ಸುಲಭದ ದಾರಿ. ಬಟ್ಟೆಯ ಕಪಾಟಿನಲ್ಲಿ ಹಾಕುವ ನುಸಿಗುಳಿಗೆಯನ್ನು ಡಬ್ಬಿಯೊಳಗೆ ಹಾಕಬೇಡಿ, ಅದರ ಆವಿ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ವಿಮಾನದಲ್ಲಿ ಕೈಚೀಲದಲ್ಲೇ ತನ್ನಿ. ಮನೆ ಸೇರಿದ ಮೇಲೆ ಒಂದು ದಿನ ಡಬ್ಬಿ ತೆರೆಯದೆ ಬಿಡಿ. ಆಮೇಲೆ ತೆರೆಯುವುದಾದರೆ ಮಳೆ ಬಿಟ್ಟ ಒಣ ಹೊತ್ತಿನಲ್ಲಿ, ಇಲ್ಲವೇ ಎಸಿ ಇರುವ ಕೋಣೆಯಲ್ಲಿ.

ಮತ್ತೊಂದು ಮಾತು. ಸೇಂಟ್ ಲೂಯಿಸ್ ಬಿಡುವ ಮೊದಲು ಆ ನೆರೆಯವರ ಬಳಿ ಮಗಳನ್ನು ಕೂರಿಸಿ, ಯಾವ ಕಾರ್ಡು ಯಾವಾಗ ಕೊಂಡದ್ದು ಎಂದು ಕೇಳಿ ಬರೆದುಕೊಳ್ಳಲು ಹೇಳಿ. 2001 ಮತ್ತು 2005ರ ನಡುವೆ ಅವರು ಆಂಕೀಲ್ ಕಾರ್ಡು ಕೊಂಡಿದ್ದರೆ, ಏಕೆ ಕೊಂಡರು ಎಂಬುದನ್ನೂ ಕೇಳಲಿ.